ಊಟವಾಯಿತೆ ಎಂದು ಕೇಳುವ ಭಾಷೆ

ಮೊಮ್ಮಗಳು ನನ್ನೊಡನೆ ಮೊದಲ ಸಲ ಜಗಳವಾಡಿದುದು ದೂರವಾಣಿಯ ಪರದೆಯ ಮೇಲೆ. ಆಕೆ ಏನೆಂದು ಜಗಳವಾಡಿದಳೆಂಬುದು ಮಾತ್ರ ನನಗೆ ತಿಳಿಯಲಿಲ್ಲ. 2022ರ ಬೇಸಗೆಯ ಮಾತು. ಆಕೆಗೆ ಆಗತಾನೆ ಮೂರು ವರ್ಷ ತುಂಬಿತ್ತು. ನನ್ನ ಮಗಳೂ ಅಳಿಯನೂ ಉದ್ಯೋಗನಿಮಿತ್ತವಾಗಿ ದಕ್ಷಿಣ ಕೊರಿಯದ ಸುವೋನ್ ನಗರದಲ್ಲಿ ನೆಲೆಸಿದ್ದರು. ಮಗು ಬೆಳಗಿನಿಂದ ಸಂಜೆಯವರೆಗೆ ಅಲ್ಲಿಯ ಶಿಶುವಿಹಾರದಲ್ಲಿರುತ್ತಿತ್ತು. “ಅವಳಿಗೆ ಕನ್ನಡ ಎಲ್ಲಾ ಅರ್ಥ ಆಗುತ್ತಮ್ಮ, ಬಾಯಿ ಬಿಟ್ಟರೆ ಮಾತ್ರ ಕೊರಿಯನ್ನೇ ಬರುತ್ತೆ” ಎಂದು ಮಗಳು ಸಮಾಧಾನ ಹೇಳಿದಳು. ಮೂವತ್ತನಾಲ್ಕು ವರ್ಷ ಮೈಸೂರಿನ ಕಾಲೇಜುಗಳಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ನನಗೆ ಅದು ಸಮಾಧಾನವಾಗಿ ಕೇಳಿಸಲಿಲ್ಲ. ಕೇಶಿರಾಜನ ಸೂತ್ರಗಳನ್ನು ಎಷ್ಟೋ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ನನ್ನ ಕುಡಿಯೇ ನನಗೆ ತಿಳಿಯದ ನುಡಿಯಲ್ಲಿ ನನ್ನನ್ನು ಗದರಿಸುತ್ತಿತ್ತು.

ನಾಲ್ಕಾರು ದಿನ ಮುನಿಸಿಕೊಂಡಿದ್ದೆ. ಆಮೇಲೆ, ಮಗು ನನ್ನ ಭಾಷೆಗೆ ಬಾರದಿದ್ದರೆ ನಾನೇ ಅದರ ಭಾಷೆಗೆ ಹೋಗುವುದೆಂದು ನಿಶ್ಚಯಿಸಿದೆ. ಈ ನಿಶ್ಚಯದಲ್ಲಿ ಔದಾರ್ಯಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ದಿನವೆಲ್ಲ ಆ ಮಗುವಿನ ಮಾತನ್ನು ಕೇಳುವ ಭಾಗ್ಯ ಪಡೆದ, ನಾನು ಕಾಣದ ಯಾರೋ ಉಪಾಧ್ಯಾಯಿನಿಯ ಮೇಲಿನ ಹೊಟ್ಟೆಕಿಚ್ಚು ಅದು.

ನನಗೆ ಗುರುವಾಗಿ ದೊರೆತವಳು ನನ್ನ ಹಳೆಯ ಶಿಷ್ಯೆಯೊಬ್ಬಳು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರೌಢಶಾಲೆಯಲ್ಲಿ ಕಲಿಯಬಹುದಾದ ವಿದೇಶೀ ಭಾಷೆಗಳ ಸಾಲಿನಲ್ಲಿ ಕೊರಿಯನ್ನನ್ನೂ ಹೆಸರಿಸಿದೆ. ಈ ಹುಡುಗಿ ಯಾವ ನೀತಿಗೂ ಕಾಯದೆ, ಬಿಟಿಎಸ್ ಎಂಬ ಏಳು ಮಂದಿ ಯುವಕರ ಮೇಳದ ಹಾಡುಗಳಿಂದಲೇ ಕಲಿತಿದ್ದಳು. ಆಕೆಯ ಟಿಪ್ಪಣಿಪುಸ್ತಕವನ್ನು ನೋಡಿ ನನಗೆ ನಗುವೂ ಬಂತು, ಹೆಮ್ಮೆಯೂ ಆಯಿತು. ಮೇಲೆ ಹಾಡಿನ ಸಾಲು. ಅದರ ಕೆಳಗೆ ಪದವಿಭಾಗ. ಅದರ ಕೆಳಗೆ ಪ್ರತಿಪದಾರ್ಥ. ಕೊನೆಯಲ್ಲಿ ಅನ್ವಯ, ತಾತ್ಪರ್ಯ. ಪಂಪನನ್ನು ನಾನು ಅವಳಿಗೆ ಯಾವ ಕ್ರಮದಲ್ಲಿ ಕಲಿಸಿದ್ದೆನೋ ಅದೇ ಕ್ರಮದಲ್ಲಿ ಅವಳು ಆ ಹಾಡುಗಳನ್ನು ಬಿಡಿಸಿಟ್ಟಿದ್ದಳು.

ಲಿಪಿ ನನಗೆ ನಾಲ್ಕೇ ದಿನದಲ್ಲಿ ಬಂದಿತು. ಇದು ನನ್ನ ಹೆಚ್ಚುಗಾರಿಕೆಯಲ್ಲ, ಲಿಪಿಯನ್ನು ಮಾಡಿದವನ ಹೆಚ್ಚುಗಾರಿಕೆ. ಲೋಕದ ಬಹುಪಾಲು ಲಿಪಿಗಳಿಗೆ ತಾಯಿತಂದೆಯರು ಯಾರೆಂದು ಹೇಳಲು ಬರುವುದಿಲ್ಲ. ಹಂಗುಲ್ ಲಿಪಿಗಾದರೋ ಜಾತಕವೇ ಇದೆ. ಸೆಜೊಂಗ್ ಎಂಬ ದೊರೆ 1443ರ ಕೊನೆಯಲ್ಲಿ ಅದನ್ನು ಸಿದ್ಧಗೊಳಿಸಿ 1446ರಲ್ಲಿ ಪ್ರಜೆಗಳ ಮುಂದಿಟ್ಟನು. ಅಲ್ಲಿಯವರೆಗೆ ಓದುಬರಹವೆಂದರೆ ಚೀನೀ ಲಿಪಿಯೇ. ಅದನ್ನು ಕಲಿಯಲು ಬಿಡುವಿಲ್ಲದ ಸಾಮಾನ್ಯ ಜನ ತಮ್ಮ ಮನಸ್ಸಿನಲ್ಲಿರುವುದನ್ನು ಬರೆದು ತಿಳಿಸಲಾರದೆ ಹೋಗುತ್ತಾರೆ ಎಂಬುದು ದೊರೆಯ ಕೊರಗಾಗಿತ್ತು. 1444ರಲ್ಲಿ ಆಸ್ಥಾನದ ಚೋಯೆ ಮಾನ್-ರಿ ಮೊದಲಾದ ಪಂಡಿತರು ಇದನ್ನು ವಿರೋಧಿಸಿ ಬಿನ್ನವತ್ತಳೆ ಬರೆದರು. ಚೀನಕ್ಕಿಂತ ಬೇರೆಯಾದ ಲಿಪಿಯನ್ನು ಇಟ್ಟುಕೊಳ್ಳುವುದು ಅನಾಗರಿಕರ ಲಕ್ಷಣವೆಂಬುದು ಅವರ ವಾದ. ದೇಶಭಾಷೆಯನ್ನು ಕಂಡು ಮೂಗುಮುರಿಯುವ ಪಂಡಿತರು ಎಲ್ಲ ನಾಡಿನಲ್ಲಿಯೂ ಇದ್ದರೆಂದು ತಿಳಿದು ನನಗೆ ಒಂದು ಬಗೆಯ ತೃಪ್ತಿಯಾಯಿತು.

ಆ ಅಕ್ಷರಗಳ ಆಕಾರವನ್ನು ದೊರೆಯ ವಿದ್ವಾಂಸರು ವಿವರಿಸಿರುವ ಬಗೆಯನ್ನು ಓದಿದಾಗ ಕನ್ನಡದ ಮೇಷ್ಟರಿಗೆ ರೋಮಾಂಚವಾಗದೆ ಇರದು. ಗಕಾರವನ್ನು ಬರೆಯುವ ಕೋನರೇಖೆ, ನಾಲಗೆಯ ಬುಡ ಗಂಟಲನ್ನು ಮುಚ್ಚುವ ಚಿತ್ರ. ನಕಾರ, ನಾಲಗೆಯ ತುದಿ ಮೇಲಕ್ಕೆದ್ದ ಚಿತ್ರ. ಮಕಾರ, ಮುಚ್ಚಿದ ಬಾಯಿ, ಸಕಾರ, ಹಲ್ಲು. ಕಂಠ್ಯ, ದಂತ್ಯ, ಓಷ್ಠ್ಯ ಎಂದು ನಾವು ಬಾಯಲ್ಲಿ ಹೇಳುವುದನ್ನು ಅವರು ಗೆರೆಯಲ್ಲಿ ಬರೆದಿಟ್ಟರು. ಧ್ವನಿಗಳನ್ನು ಹೀಗೆ ಹುಟ್ಟುವ ಸ್ಥಾನದಿಂದ ವಿಂಗಡಿಸುವ ಪದ್ಧತಿ ಅವರಿಗೆ ಚೀನದ ಧ್ವನಿಶಾಸ್ತ್ರದಿಂದ ಬಂದಿತು. ಚೀನಕ್ಕೆ ಅದರ ಪ್ರೇರಣೆ ಹೋದುದು ಬೌದ್ಧ ಭಿಕ್ಷುಗಳ ಜೋಳಿಗೆಯಲ್ಲಿ, ನಮ್ಮ ಕಡೆಯಿಂದ. ಹಂಗುಲ್ಲಿನ ಕೆಲವು ವ್ಯಂಜನಗಳಿಗೆ ಮಂಗೋಲರ ಫಗ್ಸ್‌ಪಾ ಲಿಪಿ ಮಾದರಿಯಾಗಿತ್ತೆಂದು ಅಮೆರಿಕದ ವಿದ್ವಾಂಸ ಗ್ಯಾರಿ ಲೆಡ್‌ಯಾರ್ಡ್ ವಾದಿಸಿದ್ದಾನೆ. ಫಗ್ಸ್‌ಪಾ ಹುಟ್ಟಿದುದು ಟಿಬೆಟ್ಟಿನ ಲಿಪಿಯಿಂದ, ಅದು ಹುಟ್ಟಿದುದು ಬ್ರಾಹ್ಮಿಯ ಸಂತತಿಯಿಂದ. ಎಲ್ಲರೂ ಒಪ್ಪಿದ ಮಾತಲ್ಲ ಇದು. ಒಪ್ಪಿದರೆ ನಮ್ಮ ಕಕಾರಕ್ಕೂ ಅವರ ಗಕಾರಕ್ಕೂ ದೂರದ ದಾಯಾದಿತನವುಂಟು.

ಅವರಲ್ಲಿಯೂ ಕಾಗುಣಿತವಿದೆ. ‘ಗಾ, ಗ್ಯಾ, ಗೊ, ಗ್ಯೊ’ ಎಂದು ಮಕ್ಕಳು ರಾಗವಾಗಿ ಹೇಳುತ್ತಾರೆ. 1926ರಲ್ಲಿ ಲಿಪಿಯ ಹಬ್ಬವನ್ನು ಮೊದಲು ಆಚರಿಸಿದಾಗ ಅದಕ್ಕೆ ಇಟ್ಟ ಹೆಸರೇ ‘ಗಾಗ್ಯಾ ದಿನ’. ಕಾಗುಣಿತದ ದಿನವೆಂದೇ ಅನುವಾದಿಸಬಹುದು. ಈಗ ಅಕ್ಟೋಬರ್ 9ರಂದು ಅದು ದಕ್ಷಿಣ ಕೊರಿಯದಲ್ಲಿ ಸಾರ್ವತ್ರಿಕ ರಜಾದಿನ. ಅಕ್ಷರಕ್ಕಾಗಿ ರಜೆ ಕೊಡುವ ಸರಕಾರವನ್ನು ನಾನು ಬೇರೆಲ್ಲಿಯೂ ಹೆಚ್ಚಾಗಿ ಕಂಡಿಲ್ಲ.

ಕಣ್ಣಿಗೆ ಸುಲಭವಾದುದು ಕಿವಿಗೆ ಸುಲಭವಾಗಲಿಲ್ಲ. ಒಂದೇ ಅಕ್ಷರ ಪದದ ಮೊದಲಲ್ಲಿ ಪಕಾರದಂತೆಯೂ ನಡುವೆ ಬಕಾರದಂತೆಯೂ ಕೇಳಿಸುತ್ತದೆ. ಅವರ ಬಂದರು ನಗರವನ್ನು ಹಳೆಯ ಭೂಪಟಗಳು ಪುಸಾನ್ ಎಂದೂ ಈಚಿನವು ಬುಸಾನ್ ಎಂದೂ ಬರೆಯುವುದು ಈ ಕಾರಣದಿಂದಲೇ. ‘ಕತಪಗಳಿಗೆ ಗದಬಗಳು’ ಎಂದು ಮಳೆಗಾಲವನ್ನೂ ಕಂಬನಿಯನ್ನೂ ಉದಾಹರಿಸಿ ನಾವು ಕಲಿಸುವ ಆದೇಶಸಂಧಿ ಅಲ್ಲಿ ಸಂಧಿಯಲ್ಲ, ಉಸಿರಾಟ. ಇನ್ನೊಂದು ಸೋಜಿಗ ಕೇಳಿ. ‘ಕುಕ್’ ಎಂದರೆ ಸಾರು, ‘ಮುಲ್’ ಎಂದರೆ ನೀರು. ಎರಡೂ ಸೇರಿ ಸಾರಿನ ತಿಳಿ. ಬರೆಯುವುದು ಕುಕ್‌ಮುಲ್ ಎಂದು, ಉಚ್ಚರಿಸುವುದು ಕುಙ್‌ಮುಲ್ ಎಂದು. ವಾಕ್ ಮತ್ತು ಮಯ ಸೇರಿ ವಾಙ್ಮಯವಾದಂತೆಯೇ ಅಲ್ಲವೆ? ನಮ್ಮ ವರ್ಣಮಾಲೆಯಲ್ಲಿ ವಾಙ್ಮಯವೊಂದನ್ನು ಬಿಟ್ಟರೆ ಬೇರೆ ಕೆಲಸವಿಲ್ಲದೆ ಕುಳಿತಿರುವ ಙಕಾರ ಅಲ್ಲಿ ದಿನವೂ ಸಾರಿನಲ್ಲಿ ಕುದಿಯುತ್ತಿರುವುದನ್ನು ಕಂಡು ನನಗೆ ಬಹಳ ಸಂತೋಷವಾಯಿತು.

ಆದರೆ ಒಂದು ಕಡೆ ನಾನು ಸೋತೆ. ತಕಾರದಂಥ ಧ್ವನಿ ಅವರಲ್ಲಿ ಮೂರು: ಸಡಿಲವಾದುದೊಂದು, ಉಸಿರು ತುಂಬಿದ್ದೊಂದು, ಬಿಗಿದದ್ದೊಂದು. ಸಡಿಲವಾಗಿ ತಾಲ್ ಎಂದರೆ ಚಂದ್ರ. ಉಸಿರೂದಿ ಥಾಲ್ ಎಂದರೆ ಮುಖವಾಡ. ಬಿಗಿಹಿಡಿದು ತ್ತಾಲ್ ಎಂದರೆ ಮಗಳು. ನಮ್ಮ ಅಲ್ಪಪ್ರಾಣದ ತಕಾರವೇ ಅವರ ಬಿಗಿ ತಕಾರಕ್ಕೆ ಹತ್ತಿರವೆಂದು ನನಗೆ ಬಹುಕಾಲ ತಿಳಿಯಲಿಲ್ಲ. ಪರಭಾಷೆಯೆಂಬ ಭಯದಿಂದ ಎಲ್ಲಕ್ಕೂ ಉಸಿರು ಸೇರಿಸುತ್ತಿದ್ದೆ. ಹೀಗಾಗಿ ಸುವೋನಿಗೆ ಹೋದ ಮೊದಲ ವಾರ, ನನ್ನ ಮುಖವಾಡ ಕಾರ್ಖಾನೆಯಲ್ಲಿ ಇಂಜಿನಿಯರು ಎಂದು ನಾಲ್ಕು ಜನರಿಗೆ ಹೇಳಿದೆ. ಅವರು ಕೊರಿಯನ್ನರಾದುದರಿಂದ ನಗಲಿಲ್ಲ. ಮೊಮ್ಮಗಳು ನೆಲದ ಮೇಲೆ ಬಿದ್ದು ಹೊರಳಿ ನಕ್ಕಳು.

ನಾನು ಹೋದುದು 2023ರ ಸೆಪ್ಟೆಂಬರಿನ ಮೊದಲ ವಾರ, ಮೂರು ತಿಂಗಳ ಅನುಮತಿಯ ಮೇಲೆ. ಸುವೋನ್ ಹಳೆಯ ಊರು. 1794ರಿಂದ 1796ರವರೆಗೆ ಜೊಂಗ್ಜೊ ದೊರೆ ಕಟ್ಟಿಸಿದ ಹ್ವಾಸೊಂಗ್ ಕೋಟೆ ಅಲ್ಲಿದೆ. ಕೋಟೆಯ ಸಂಗತಿ ಇರಲಿ, ನನ್ನ ಪಾಠಶಾಲೆಯಾದುದು ಮಗಳ ಮನೆಯ ಲಿಫ್ಟು. ಎರಡನೆಯ ದಿನವೇ ಅದರಲ್ಲಿ ಒಬ್ಬ ವೃದ್ಧೆ ಸಿಕ್ಕಿದರು. ಬೆನ್ನು ಬಾಗಿತ್ತು, ಕೈಯಲ್ಲಿ ಈರುಳ್ಳಿ ಗಿಡದ ಕಟ್ಟು. ನನ್ನ ಸೀರೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಪಾಮ್ ಮೊಗೊಸ್ಸೊಯೊ?” ಎಂದು ಕೇಳಿದರು. ಊಟವಾಯಿತೆ? ಸಮಯ ಬೆಳಗಿನ ಹತ್ತೂವರೆ. ಪಾಶ್ಚಾತ್ಯನೊಬ್ಬನು ಈ ಪ್ರಶ್ನೆಗೆ, ನನ್ನ ಊಟದಿಂದ ಇವರಿಗೇನಾಗಬೇಕು ಎಂದು ಬೆರಗಾಗಬಹುದು. ನಮಗೆ ಯಾರೂ ವಿವರಿಸಬೇಕಾಗಿಲ್ಲ. ಮೈಸೂರಿನಲ್ಲಿ ಎದುರಾದವರು ಹೊತ್ತಲ್ಲದ ಹೊತ್ತಿನಲ್ಲಿಯೂ “ಊಟ ಆಯ್ತಾ?” ಎನ್ನುವುದು ಊಟದ ವಿಚಾರಣೆಯಲ್ಲ, ನೀನು ಬದುಕಿರುವುದು ನನಗೆ ಸಂತೋಷ ಎನ್ನುವ ರೀತಿ. ಎರಡು ನಾಡುಗಳೂ ಹಸಿವನ್ನು ಕಂಡಿದ್ದುವೆಂಬುದೂ ಆ ಮಾತಿನೊಳಗಿದೆ.

ನಾನು ಆನಂದಾತಿರೇಕದಿಂದ “ಕೊಮಾವೊ” ಎಂದೆ. ಅಷ್ಟರಲ್ಲಿ ಮೊಮ್ಮಗಳು ನನ್ನ ಸೆರಗನ್ನು ಜಗ್ಗಿ, ಮುಖವನ್ನು ಗಂಭೀರ ಮಾಡಿಕೊಂಡು, “ಕೊಮಾಪ್ಸುಮ್‌ನಿದಾ” ಎಂದು ತಿದ್ದಿದಳು. ಮೊದಲನೆಯದು ಓರಗೆಯವರಿಗೆ, ಎರಡನೆಯದು ಹಿರಿಯರಿಗೆ. ಹಾಡುಗಳಿಂದ ಭಾಷೆ ಕಲಿತದ್ದರ ಫಲವಿದು. ಪ್ರೇಮಗೀತೆಗಳೆಲ್ಲ ಏಕವಚನದಲ್ಲಿಯೇ ಇರುತ್ತವಷ್ಟೆ. ನನ್ನ ಶಿಷ್ಯೆ ಕಲಿಸಿದುದೂ ನಾನು ಕಲಿತದ್ದೂ ಪ್ರಿಯತಮನನ್ನು ಕರೆಯುವ ಭಾಷೆ. ಅದರಲ್ಲಿ ತೊಂಬತ್ತರ ಸಮೀಪದ ಅಜ್ಜಿಯನ್ನು ಮಾತಾಡಿಸಿದ್ದೆ! ಸಂಗೀತ ನಾಲಗೆಗೆ ಲಯವನ್ನು ಕೊಡುತ್ತದೆ, ಪದವನ್ನು ನೆನಪಿನಲ್ಲಿ ನೆಡುತ್ತದೆ. ಮರ್ಯಾದೆಯನ್ನು ಕಲಿಯಲು ಮಾತ್ರ ಮನುಷ್ಯರೇ ಬೇಕು. ಕೊರಿಯನ್ನಿನ ಕ್ರಿಯಾಪದಕ್ಕೆ ಲಿಂಗವಿಲ್ಲ, ವಚನವಿಲ್ಲ, ಪುರುಷವಿಲ್ಲ. ಹೋದನು, ಹೋದಳು, ಹೋದುವು ಎಲ್ಲವೂ ಒಂದೇ. ಅಲ್ಲಿ ಉಳಿತಾಯ ಮಾಡಿದುದನ್ನೆಲ್ಲ ಅವರು ಗೌರವಕ್ಕೆ ಸುರಿದಿದ್ದಾರೆ. ತಿನ್ನುವುದಕ್ಕೆ ಒಂದು ಮಾತು, ಹಿರಿಯರು ತಿನ್ನುವುದಕ್ಕೆ ಇನ್ನೊಂದು. ಕಿರಿಯರದು ‘ಪಾಪ್’ ಆದರೆ ಹಿರಿಯರ ಊಟ ‘ಚಿಂಜಿ’. ನಮ್ಮ ಮಠಗಳಲ್ಲಿ ಸ್ವಾಮಿಗಳು ಊಟಮಾಡುವುದಿಲ್ಲ, ಆರೋಗಣೆ ಮಾಡುತ್ತಾರಲ್ಲ, ಹಾಗೆ.

ಅಡುಗೆಮನೆಗೆ ಕಾಲಿಟ್ಟಮೇಲೆ ಭಾಷೆ ತಾನಾಗಿ ಬರತೊಡಗಿತು. ಇಂಗ್ಲಿಷಿನವರಿಗೆ ರೈಸ್ ಎಂಬ ಒಂದೇ ಪದವಿರುವಲ್ಲಿ ನಮಗೆ ಭತ್ತ, ಅಕ್ಕಿ, ಅನ್ನ ಎಂದು ಮೂರು ಬೇಕು. ಅವರಿಗೂ ಪ್ಯೊ, ಸ್ಸಾಲ್, ಪಾಪ್ ಎಂದು ಮೂರು ಬೇಕು. ಗಂಜಿಗೆ ಚುಕ್ ಎಂಬ ಬೇರೆ ಹೆಸರು, ತಳಹಿಡಿದ ಅನ್ನಕ್ಕೆ ನುರುಂಜಿ ಎಂಬ ಮತ್ತೊಂದು. ಉಪ್ಪು ಕಡಮೆಯಾದ ಸಾರಿಗೆ ‘ಸಿಂಗೊಪ್ತಾ’ ಎನ್ನುತ್ತಾರೆ. ರಸವಿಲ್ಲದ ಮನುಷ್ಯನಿಗೂ ಅದನ್ನೇ ಅನ್ನುತ್ತಾರೆ. ನಾವು ಸಪ್ಪೆ ಸಾರು, ಸಪ್ಪೆ ಮೋರೆ ಎನ್ನುವುದಿಲ್ಲವೆ? ಉಪ್ಪು ಹೆಚ್ಚಾದುದನ್ನು ಹೇಳುವ ಮಾತು ಜಿಪುಣನಿಗೂ ಸಲ್ಲುತ್ತದೆ. ಸೋಯಾ ಕಾಳನ್ನು ಬೇಯಿಸಿ, ಇಟ್ಟಿಗೆಯಂತೆ ಕಟ್ಟಿ, ಹುದುಗಿಸಿ ಮಾಡುವ ದ್ವೆನ್‌ಜಾಂಗ್ ಕುದಿಯುವಾಗ ಏಳುವ ಘಮಕ್ಕೆ ‘ಕುಸುಹಾದಾ’ ಎಂಬ ಮಾತಿದೆ. ಚೆನ್ನಾಗಿ ಕಥೆ ಹೇಳುವವರ ಮಾತಿಗೂ ಅದೇ ವಿಶೇಷಣ. ‘ಸೊನ್’ ಎಂದರೆ ಕೈ, ‘ಮಾತ್’ ಎಂದರೆ ರುಚಿ. ಸೊನ್‌ಮಾತ್ ಎಂಬುದನ್ನು ನನ್ನ ಶಿಷ್ಯೆ ಇಂಗ್ಲಿಷಿನ ಎರಡು ಸಾಲಿನಲ್ಲಿ ವಿವರಿಸಿದ್ದಳು. ಕೈರುಚಿ ಎಂದು ನಾನು ಒಂದು ಪದ ಬರೆದುಕೊಂಡೆ. ಹೊಗೆಯಾಡುವ ಸಾರನ್ನು ಕುಡಿದು ಆ ಅಜ್ಜಿ ‘ಸಿವೊನ್‌ಹಾದಾ’, ತಂಪಾಯಿತು, ಎಂದು ಉಸಿರು ಬಿಟ್ಟದ್ದು ಮಾತ್ರ ನನಗೆ ಕೆಲವು ದಿನ ಒಗಟಾಗಿತ್ತು. ಮಳೆಗಾಲದಲ್ಲಿ ಮೆಣಸಿನ ಸಾರು ಗಂಟಲಿನಲ್ಲಿಳಿದಾಗ ನಾವು ಹಾಯೆನ್ನುತ್ತೇವಲ್ಲ, ಅದು ಎಂದು ಆಮೇಲೆ ಹೊಳೆಯಿತು.

ಸಸ್ಯಾಹಾರಿಯ ಪಾಡನ್ನು ಹೇಳದಿದ್ದರೆ ಈ ಪ್ರಕರಣ ಪೂರ್ಣವಾಗದು. ‘ಮಾಂಸ ಬಿಟ್ಟು ಕೊಡಿ’ ಎಂಬ ವಾಕ್ಯವನ್ನು ಮೊದಲೇ ಬಾಯಿಪಾಠ ಮಾಡಿದ್ದೆ. ಮಾಂಸಕ್ಕೆ ಅವರು ಹೇಳುವ ‘ಕೊಗಿ’ ಎಂಬ ಪದದಲ್ಲಿ ಸೀಗಡಿ ಸೇರುವುದಿಲ್ಲವೆಂದು ಹೋಟೆಲಿನ ಬಟ್ಟಲು ನನಗೆ ಬೋಧಿಸಿತು. ನಿಘಂಟು ಕಲಿಸದ ಅರ್ಥವ್ಯಾಪ್ತಿಯನ್ನು ಹಸಿವು ಕಲಿಸುತ್ತದೆ.

ಮನೆಯ ಮಾತೂ ಹೀಗೆಯೇ. ‘ಉರಿ’ ಎಂದರೆ ನಮ್ಮ. ಕೊರಿಯನ್ನರು ನನ್ನ ಮನೆ, ನನ್ನ ತಾಯಿ ಎನ್ನುವುದಿಲ್ಲ. ನಮ್ಮ ಮನೆ, ನಮ್ಮ ತಾಯಿ. ಒಂಟಿ ಮಕ್ಕಳೂ ಹಾಗೆಯೇ ಹೇಳುತ್ತಾರೆ. ಹೆಂಗಸರು ಗಂಡನನ್ನು ನಮ್ಮ ಗಂಡ ಎಂದುಬಿಡುತ್ತಾರೆ. ಇದನ್ನು ಕೇಳಿ ಇಂಗ್ಲಿಷ್ ವ್ಯಾಕರಣಕಾರರು ಗಾಬರಿಗೊಂಡಿದ್ದಾರೆ. ‘ನಮ್ಮ ಯಜಮಾನರು’ ಎಂದು ಆಯುಷ್ಯವೆಲ್ಲ ಹೇಳಿದ ನನಗೆ ಗಾಬರಿಯ ಕಾರಣವೇ ತಿಳಿಯಲಿಲ್ಲ. ಅಮ್ಮನಿಗೆ ಒಮ್ಮಾ, ಅಪ್ಪನಿಗೆ ಆಪ್ಪಾ. ಮೂರು ಕರಡಿಗಳ ಒಂದು ಶಿಶುಗೀತೆ ಅಲ್ಲಿ ಮನೆಮನೆಯಲ್ಲಿ ಕೇಳಿಬರುತ್ತದೆ. ಮೊಮ್ಮಗಳು ಅದನ್ನು ಹಾಡಿದಾಗ, ಅಂತೂ ಕನ್ನಡ ಬಂತೆಂದು ನಾನು ಅಡುಗೆಮನೆಯಿಂದ ಓಡಿಬಂದೆ. ಬಂದುದು ಕನ್ನಡವಲ್ಲ, ಕರಡಿ.

ಇಂಥ ಹೋಲಿಕೆಗಳನ್ನು ಕಂಡು ತಲೆತಿರುಗಿದವರು ನನಗಿಂತ ಮೊದಲೂ ಇದ್ದಾರೆ. 1886ರಲ್ಲಿ ಕೊರಿಯಕ್ಕೆ ಬಂದು ಅಲ್ಲಿಯೇ ಮಣ್ಣಾದ ಅಮೆರಿಕದ ಉಪಾಧ್ಯಾಯ ಹೋಮರ್ ಹಲ್ಬರ್ಟ್, ಕೊರಿಯನ್ ಭಾಷೆಯನ್ನೂ ದ್ರಾವಿಡ ಭಾಷೆಗಳನ್ನೂ ಹೋಲಿಸಿ ಒಂದು ವ್ಯಾಕರಣಗ್ರಂಥವನ್ನೇ ಬರೆದನು. ಇಂದಿನ ಭಾಷಾವಿಜ್ಞಾನಿಗಳು ಆ ನಂಟನ್ನು ಒಪ್ಪುವುದಿಲ್ಲ. ಅಮ್ಮ ಅಪ್ಪ ಎಂಬುವು ಶಿಶುಗಳ ತುಟಿಯ ಸೃಷ್ಟಿಗಳು, ಯಾವ ನಾಡಿನಲ್ಲಿಯಾದರೂ ಹುಟ್ಟಬಹುದು. ಅವರ ‘ಫುಲ್’ ಎಂಬ ಹುಲ್ಲಿಗೂ ಹಳಗನ್ನಡದ ‘ಪುಲ್’ಗೂ ಇರುವುದು ಆಕಸ್ಮಿಕದ ನಂಟೇ ಇರಬೇಕು. ನಾನೂ ಶಾಸ್ತ್ರದ ಮಾತಿಗೆ ತಲೆಬಾಗುತ್ತೇನೆ. ಆದರೆ ಕಲಿಯುವವನಿಗೆ ರಕ್ತಸಂಬಂಧ ಬೇಕಾಗಿಲ್ಲ, ಮನೆಯ ಕಟ್ಟೋಣ ಒಂದೇ ಆಗಿದ್ದರೆ ಸಾಕು, ಕತ್ತಲೆಯಲ್ಲಿಯೂ ನಡೆದಾಡಬಹುದು. ಕರ್ತೃ, ಕರ್ಮ, ಕೊನೆಗೆ ಕ್ರಿಯೆ. ವಿಭಕ್ತಿ ನಾಮದ ಬಾಲದಲ್ಲಿ. ‘ಒಜೆ ಒನ್ ಸಾರಾಮ್’ ಎಂದರೆ ‘ನಿನ್ನೆ ಬಂದ ಮನುಷ್ಯ’, ಮೂರು ಪದಕ್ಕೆ ಮೂರು ಪದ. ಕೃದಂತ ಎಲ್ಲಿರಬೇಕೋ ಅಲ್ಲಿಯೇ ಕುಳಿತಿದೆ. ‘ಹೆ ಜುದಾ’, ಮಾಡಿ ಕೊಡು. ಮೊಗೊ ಎಂದರೆ ತಿಂದು, ಬೊದಾ ಎಂದರೆ ನೋಡು. ‘ಮೊಗೊ ಬೊದಾ’, ತಿಂದು ನೋಡು. ತಿನ್ನುವುದನ್ನು ಕಣ್ಣಿನಿಂದ ಪರೀಕ್ಷಿಸುವ ಈ ವಿಚಿತ್ರ ನಮಗೆ ಮಾತ್ರ ಸ್ವಂತವೆಂದು ನಾನು ಎಣಿಸಿದ್ದೆ. ಬೇರೊಬ್ಬರು ಹೇಳಿದುದನ್ನು ಮುಟ್ಟಿಸುವಾಗ ನಾವು ಕೊನೆಗೆ ‘ಅಂತೆ’ ಎನ್ನುತ್ತೇವೆ: ಬರ್ತಾನಂತೆ, ತರಬೇಕಂತೆ. ಹೊಣೆ ತನ್ನದಲ್ಲವೆಂದು ಸೂಚಿಸುವ ಆ ಪುಟ್ಟ ಬಾಲ ಕೊರಿಯನ್ನಿಗೂ ಇದೆ. ಪಾಠಪುಸ್ತಕವು ಇಂಗ್ಲಿಷಿನವರಿಗಾಗಿ ಇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿತ್ತು. ನಾನು ಅದನ್ನು ಐದು ನಿಮಿಷದಲ್ಲಿ ಮಗುಚಿದೆ.

ಸೆಪ್ಟೆಂಬರ್ 29ರಂದು ಚುಸೊಕ್, ಎಂಟನೆಯ ಚಾಂದ್ರಮಾಸದ ಹುಣ್ಣಿಮೆಯ ಹಬ್ಬ. ಲಿಫ್ಟ್ ಅಜ್ಜಿ ನಮ್ಮನ್ನು ಸೊಂಗ್‌ಪ್ಯೊನ್ ಮಾಡಲು ಕರೆದರು: ಅಕ್ಕಿಹಿಟ್ಟಿನ ಅರ್ಧಚಂದ್ರ, ಒಳಗೆ ಎಳ್ಳಿನ ಹೂರಣ, ಪೈನ್ ಎಲೆಗಳ ಮೇಲೆ ಹಬೆಯಲ್ಲಿ ಬೇಯಿಸುವುದು. ನಮ್ಮ ಕಡುಬಿನ ಅಂಚನ್ನು ಮಡಿಸುವಂತೆ ನಾನು ಮಡಿಸಿದುದನ್ನು ಕಂಡು, ಅಂದವಾಗಿ ಮಡಿಸಿದವರಿಗೆ ಅಂದದ ಮಗಳು ಹುಟ್ಟುತ್ತಾಳೆ ಎಂಬ ಗಾದೆ ಹೇಳಿದರು. ನನಗೆ ಅರವತ್ತನಾಲ್ಕು ವರ್ಷವೆಂದೆ. ಹಾಗಾದರೆ ತಂಗಿ ಎಂದರು. ತಮ್ಮನ್ನು ‘ಒನ್ನಿ’, ಅಕ್ಕ, ಎಂದು ಕರೆಯಬೇಕೆಂದರು. ಕೈ ಹಿಟ್ಟಾಗಿರುವಾಗಲೇ ಅವರು ಆರಿರಾಂಗ್ ಗುನುಗಿದರು. ಅದು ಒಂದು ಹಾಡಲ್ಲ, ಹಾಡುಗಳ ಒಂದು ಕುಲ. ಪ್ರಾಂತಕ್ಕೊಂದು ಮಟ್ಟು, ಸುಮಾರು ಅರವತ್ತು ಬಗೆ, ಸಾವಿರಾರು ಪಾಠಾಂತರ. ಯುನೆಸ್ಕೊ 2012ರಲ್ಲಿ ದಕ್ಷಿಣದ ಆರಿರಾಂಗನ್ನೂ 2014ರಲ್ಲಿ ಉತ್ತರದ ಆರಿರಾಂಗನ್ನೂ ಬೇರೆ ಬೇರೆಯಾಗಿ ಪಟ್ಟಿಗೆ ಸೇರಿಸಿಕೊಂಡಿದೆ. ಗಡಿ ಹಾಡನ್ನೂ ಎರಡಾಗಿ ಬರೆಸಿತು. ಆ ಗಡಿಯ ಬಳಿ 1953ರಲ್ಲಿ ಯುದ್ಧಕೈದಿಗಳ ತಟಸ್ಥ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರೆಂದು ನನಗೆ ಬಂದಷ್ಟು ಕೊರಿಯನ್ನಿನಲ್ಲಿ ಹೇಳಿದೆ. ಅಕ್ಕ ಆಗ ತೆಂಕಣದ ಜೊಲ್ಲಾ ಪ್ರಾಂತದಲ್ಲಿ ಹತ್ತೊಂಬತ್ತರ ಹುಡುಗಿ.

ಜೊಲ್ಲಾ ಎಂದರೆ ಪಾನ್ಸೊರಿಯ ತವರು. ಒಬ್ಬ ಗಾಯಕ, ಕೈಯಲ್ಲಿ ಬೀಸಣಿಗೆ, ಒಬ್ಬ ಮದ್ದಳೆಗಾರ, ಒಂದು ಚಾಪೆ. ನಡುನಡುವೆ ಮಾತು, ನಡುನಡುವೆ ಹಾಡು, ಗಂಟೆಗಟ್ಟಲೆ ಕಥೆ. ಮದ್ದಳೆಗಾರನೂ ಸಭಿಕರೂ ‘ಒಲ್ಸಿಗು’, ‘ಚಾಲ್‌ಹಾಂದಾ’ ಎಂದು ಉತ್ಸಾಹದ ಸೊಲ್ಲು ಹಾಕದಿದ್ದರೆ ಹಾಡಿಗೆ ಕಳೆಯೇರದು. ನಮ್ಮ ಹರಿಕಥೆಯನ್ನು ಕೇಳಿ ಬೆಳೆದವರಿಗೆ ಅದು ಪರಕೀಯವಲ್ಲ. ಉಳಿದಿರುವ ಐದು ಕಥೆಗಳಲ್ಲಿ ಸುಗುಂಗಾ ಒಂದು. ಕಡಲ ದೊರೆಗೆ ಕಾಯಿಲೆ. ಮೊಲದ ಪಿತ್ತಜನಕಾಂಗ ಮದ್ದು. ಆಮೆ ಮೊಲವನ್ನು ನಂಬಿಸಿ ಕರೆತರುತ್ತದೆ. ಮೊಲ, ಅಯ್ಯೋ ಅದನ್ನು ಮನೆಯಲ್ಲಿಯೇ ಬಿಟ್ಟುಬಂದೆನಲ್ಲ ಎನ್ನುತ್ತದೆ. ಇಷ್ಟು ಕೇಳುವಷ್ಟರಲ್ಲಿ ನಾನು, “ಇದು ಮಂಗ ಮತ್ತು ಮೊಸಳೆ!” ಎಂದು ಕನ್ನಡದಲ್ಲಿ ಕೂಗಿಬಿಟ್ಟೆ. ಜಾತಕದ, ಪಂಚತಂತ್ರದ ನಮ್ಮ ಮಂಗ ಬೌದ್ಧರೊಡನೆ ಚೀನಕ್ಕೆ ಹೋಗಿ, ಅಲ್ಲಿಂದ ಕೊರಿಯಕ್ಕೆ ಹೋಗಿ ಮೊಲವಾಗಿದೆ. ಪಯಣದಲ್ಲಿ ಎದೆಗುಂಡಿಗೆ ಪಿತ್ತಜನಕಾಂಗವಾದುದಕ್ಕೂ ಭಾಷೆಯ ಒಪ್ಪಿಗೆಯಿದೆ: ಧೈರ್ಯವಂತನನ್ನು ನಾವು ಗುಂಡಿಗೆಯವನೆಂದರೆ ಅವರು ಪಿತ್ತಜನಕಾಂಗ ದೊಡ್ಡದು ಎನ್ನುತ್ತಾರೆ.

ನವೆಂಬರ್ 16ರಂದು ಕಾಲೇಜು ಪ್ರವೇಶದ ಮಹಾಪರೀಕ್ಷೆ ನಡೆಯಿತು. ಇಂಗ್ಲಿಷ್ ಕೇಳುವ ಪರೀಕ್ಷೆಯ ಹೊತ್ತಿಗೆ ವಿಮಾನಗಳ ಏರಿಳಿತವನ್ನೂ ನಿಲ್ಲಿಸುವ ದೇಶ ಅದು. ಪರೀಕ್ಷಾರ್ಥಿಗಳಿಗೆ ಅಂಟುಮಿಠಾಯಿ ಕೊಡುತ್ತಾರೆ. ‘ಅಂಟು’ ಎನ್ನುವ ಕ್ರಿಯಾಪದಕ್ಕೇ ‘ತೇರ್ಗಡೆಯಾಗು’ ಎಂಬ ಅರ್ಥವೂ ಉಂಟು. ಬಾಣಂತಿಗೂ ಹುಟ್ಟುಹಬ್ಬಕ್ಕೂ ಕೊಡುವ ಕಡಲಪಾಚಿಯ ಸಾರನ್ನು ಮಾತ್ರ ಅಂದು ಕುಡಿಸುವುದಿಲ್ಲ, ಅದು ಜಾರುತ್ತದೆ. ಮೂವತ್ತನಾಲ್ಕು ವರ್ಷ ಉತ್ತರಪತ್ರಿಕೆ ತಿದ್ದಿದ ನನಗೆ ಆ ತಾಯಂದಿರ ಮುಖಗಳು ಬಲ್ಲ ಮುಖಗಳೇ ಆಗಿದ್ದುವು.

ಇಷ್ಟೆಲ್ಲ ಕಲಿಯುತ್ತಿದ್ದಾಗ ಮಗಳು ಒಂದು ರಾತ್ರಿ ಮೆಲ್ಲಗೆ, “ಅಮ್ಮ, ನೀನು ಬಂದರೆ ಇವಳಿಗೆ ಕನ್ನಡ ಬಾಯಿಗೆ ಬರುತ್ತೆ ಅಂದುಕೊಂಡಿದ್ದೆ. ನೀನು ಅವಳ ಹತ್ತಿರ ಕೊರಿಯನ್ ಆಡ್ತಾ ಆಡ್ತಾ ಅವಳಿಗೆ ಕನ್ನಡ ಬೇಕಾಗಲೇ ಇಲ್ಲ” ಎಂದಳು. ನಾನು ಉತ್ತರ ಕೊಡಲಿಲ್ಲ. ಉತ್ತರ ಇರಲೂ ಇಲ್ಲ. ಮಗುವಿನೊಡನೆ ಮಾತಾಡುವ ಆಸೆಯಿಂದ ನಾನೇ ಅದರ ಕನ್ನಡಕ್ಕೆ ಉಳಿದಿದ್ದ ಕೊನೆಯ ಅವಶ್ಯಕತೆಯನ್ನೂ ಅಳಿಸಿಹಾಕಿದ್ದೆ.

ಅಕ್ಕನೊಡನೆ ಇದನ್ನು ಹೇಳಿಕೊಂಡೆ. ಅವರು ಬಹಳ ಹೊತ್ತು ಬೆಳ್ಳುಳ್ಳಿ ಸುಲಿಯುತ್ತಿದ್ದು, ಆಮೇಲೆ ತಮ್ಮ ಶಾಲೆಯ ಕಥೆ ಹೇಳಿದರು. 1910ರಿಂದ 1945ರವರೆಗೆ ಕೊರಿಯ ಜಪಾನಿನ ಅಧೀನದಲ್ಲಿತ್ತು. 1938ರಿಂದ ಶಾಲೆಗಳಲ್ಲಿ ಕೊರಿಯನ್ ಪಾಠ ಐಚ್ಛಿಕವಾಯಿತು, ಕೆಲವೇ ವರ್ಷಗಳಲ್ಲಿ ಇಲ್ಲವಾಯಿತು. 1940ರಿಂದ ಮನೆತನದ ಹೆಸರುಗಳನ್ನೂ ಜಪಾನೀ ರೀತಿಗೆ ಬದಲಿಸಿಕೊಳ್ಳುವ ಒತ್ತಾಯ ಬಂದಿತು. ಅಕ್ಕ 1941ರಲ್ಲಿ ಶಾಲೆ ಸೇರಿದರು. ಆವರಣದಲ್ಲಿ ತಾಯ್ನುಡಿಯಾಡಿದರೆ ಏಟು. ಮನೆಯಲ್ಲಿ ತಾಯಿಗೆ ಜಪಾನೀ ಬರುತ್ತಿರಲಿಲ್ಲ. ಶಾಲೆಯಲ್ಲಿ ಕೊರಿಯನ್ ಬಾಯಿಂದ ಬೀಳಬಾರದು. ಆದುದರಿಂದ ಮಗು ಎರಡು ಕಡೆಯೂ ಮಾತು ಕಡಮೆ ಮಾಡಿತು. ಗಾಗ್ಯಾಗೊಗ್ಯೊ ಕಲಿತದ್ದು ಬಿಡುಗಡೆಯ ಮೇಲೆ, ಹನ್ನೊಂದನೆಯ ವಯಸ್ಸಿನಲ್ಲಿ, ಕಿರಿಯ ತರಗತಿಯ ಮಕ್ಕಳ ಜೊತೆ ಕುಳಿತು.

ಅದೇ ವರ್ಷಗಳಲ್ಲಿ, 1942ರಲ್ಲಿ, ನಿಘಂಟು ರಚಿಸುತ್ತಿದ್ದ ಕೊರಿಯನ್ ಭಾಷಾ ಸಂಘದ ವಿದ್ವಾಂಸರನ್ನು ರಾಜದ್ರೋಹಿಗಳೆಂದು ಹಿಡಿದು ಸೆರೆಗೆ ಹಾಕಿದ್ದರು. ಯಿ ಯುನ್-ಜೆ, ಹಾನ್ ಜಿಂಗ್ ಎಂಬಿಬ್ಬರು ಸೆರೆಯಲ್ಲಿಯೇ ತೀರಿಕೊಂಡರು. ಸಾಕ್ಷ್ಯವೆಂದು ಪೊಲೀಸರು ಒಯ್ದಿದ್ದ ಹಸ್ತಪ್ರತಿ 1945ರ ಸೆಪ್ಟೆಂಬರಿನಲ್ಲಿ ಸೋಲ್ ರೈಲ್ವೆ ನಿಲ್ದಾಣದ ಉಗ್ರಾಣದಲ್ಲಿ ದೊರೆಯಿತು. ಅದರ ಆಧಾರದ ಮೇಲೆ 1947ರಿಂದ 1957ರವರೆಗೆ ಆರು ಸಂಪುಟಗಳ ಮಹಾನಿಘಂಟು ಅಚ್ಚಾಯಿತು. ನಿಘಂಟು ಮಾಡಿ ಪ್ರಾಣ ಕೊಟ್ಟವರ ನಾಡಿನಲ್ಲಿ ಕುಳಿತು ನಾನು ಒಂದು ಮಗುವಿನ ನಾಲ್ಕು ಮಾತಿಗಾಗಿ ಅಳುಮೋರೆ ಮಾಡಿದ್ದೆ. ಅಕ್ಕ ಹಾಗೆ ಅನ್ನಲಿಲ್ಲ. “ಹೊಡೆಯಬೇಡ. ಒತ್ತಾಯ ಮಾಡಬೇಡ. ಕೆಲಸ ಕೊಡು” ಎಂದರು.

ನವೆಂಬರಿನ ಕೊನೆಯ ವಾರ ಕಿಮ್‌ಜಾಂಗ್ ಬಂದಿತು. ಚಳಿಗಾಲಕ್ಕೆಲ್ಲ ಸಾಲುವಷ್ಟು ಕಿಮ್ಚಿಯನ್ನು ನೆಂಟರಿಷ್ಟರು ಒಟ್ಟುಗೂಡಿ ಹಾಕುವ ದಿನ. ಉಪ್ಪಿನಕಾಯಿಯನ್ನು ನಾವು ಮಾಡುವುದಿಲ್ಲ, ಹಾಕುತ್ತೇವೆ. ಅವರೂ ಕಿಮ್ಚಿಗೆ ‘ಮಾಡು’ ಎನ್ನುವುದಿಲ್ಲ, ಅದಕ್ಕೆ ಪ್ರತ್ಯೇಕ ಕ್ರಿಯಾಪದವಿದೆ. ಹಿಂದಿನ ರಾತ್ರಿಯೇ ಎಲೆಕೋಸುಗಳನ್ನು ಸೀಳಿ ಉಪ್ಪಿನಲ್ಲಿ ನೆನೆಹಾಕಿದ್ದರು. ಬೆಳಿಗ್ಗೆ ತೊಳೆದು ಬಸಿದು, ಮೂಲಂಗಿ, ಬೆಳ್ಳುಳ್ಳಿ, ಶುಂಠಿ, ಮೆಣಸಿನಪುಡಿಗಳ ಕೆಂಪು ಮಿಶ್ರಣವನ್ನು ಎಲೆಯೆಲೆಯ ನಡುವೆಯೂ ಸವರುವುದು. ಆ ಮೆಣಸಿನಕಾಯಿ, ನಮ್ಮದರಂತೆಯೇ, ಅಮೆರಿಕ ಖಂಡದಿಂದ ಕಡಲು ದಾಟಿ ಬಂದ ಪರದೇಶಿ. ಎರಡೂ ನಾಡುಗಳು ಈಗ ಅದನ್ನು ತಮ್ಮ ಅಜ್ಜಿಯ ಕಾಲದ್ದೆಂದು ನಂಬಿವೆ. ನನಗಾಗಿ ಅಕ್ಕ ಒಂದು ಪಾತ್ರೆಯಲ್ಲಿ ಸೀಗಡಿ, ಮೀನುಗಳ ಸೋಂಕಿಲ್ಲದೆ, ದೇವಾಲಯದ ಭಿಕ್ಷುಣಿಯರ ಕ್ರಮವೆಂದು ಬೆಳ್ಳುಳ್ಳಿಯನ್ನೂ ಬಿಟ್ಟು, ಬೇರೆಯಾಗಿ ಕಲಸಿದ್ದರು.

ಜೊಲ್ಲಾದಿಂದ ಅಕ್ಕನ ಇಬ್ಬರು ತಂಗಿಯರೂ ಸೊಸೆಯಂದಿರೂ ಬಂದಿದ್ದರು. ಏಳೆಂಟು ಹೆಂಗಸರು ನೆಲದ ಮೇಲೆ ಸುತ್ತ ಕುಳಿತು, ಮೊಣಕೈಯವರೆಗೆ ಕೆಂಪು ಕವಚ ತೊಟ್ಟಂತೆ ಮೆತ್ತಿಕೊಂಡು, ಎಲ್ಲರೂ ಒಟ್ಟಿಗೆ ಮಾತನಾಡುತ್ತಿದ್ದರು. ತೆಂಕಣದ ಆಡುನುಡಿ, ವೇಗವೋ ಹರಕೆ ಹೊತ್ತಂತೆ. ಒಂದೂವರೆ ವರ್ಷದ ನನ್ನ ವಿದ್ಯೆಯೆಲ್ಲ ಆ ಗದ್ದಲದಲ್ಲಿ ಕೊಚ್ಚಿಹೋಯಿತು. ಪ್ರತಿಯೊಂದು ಮಾತಿಗೂ ನಾನು ಪೆದ್ದುಪೆದ್ದಾಗಿ ನಗುತ್ತ ಎಲೆಕೋಸನ್ನು ಸವರುತ್ತಿದ್ದೆ. ಮೊಮ್ಮಗಳು ಅಕ್ಕನ ಪಕ್ಕದಲ್ಲಿ, ಅವಳ ಕೈಗೆ ದೊಗಳೆಯಾದ ರಬ್ಬರ್ ಕೈಚೀಲ ತೊಟ್ಟು, ಮೂಲಂಗಿ ಚೂರುಗಳನ್ನು ಎತ್ತಿಕೊಡುತ್ತಿದ್ದಳು. ಕಿರಿಯ ತಂಗಿ ಎಳೆಯ ಹಳದಿ ಎಲೆಯೊಂದನ್ನು ಹರಿದು, ಮಸಾಲೆಯಿಟ್ಟು ಮಡಿಸಿ, ನನ್ನ ಬಾಯ ಬಳಿಗೆ ತಂದು ಏನೋ ಹೇಳಿದರು. ನಾನು ಎರಡು ಬಾರಿ ಏನೆಂದು ಕೇಳಿದೆ. ಅವರು ಎರಡು ಬಾರಿಯೂ ಅದನ್ನೇ, ಇನ್ನೂ ಜೋರಾಗಿ ಹೇಳಿದರು. ನಾನು ಅಕ್ಕನನ್ನು ನೋಡಿದೆ. ಅಕ್ಕ ನನ್ನನ್ನು ನೋಡಲಿಲ್ಲ, ಮಗುವನ್ನು ನೋಡುತ್ತಿದ್ದರು.

“ಅಜ್ಜಿ,” ಎಂದಳು ಮೊಮ್ಮಗಳು, ತಲೆ ಎತ್ತದೆ, ಒಂದಿಷ್ಟು ಬೇಸರದಿಂದ, “ತಿಂದು ನೋಡಬೇಕಂತೆ.”

ಬಾಯಿ ತೆರೆದೆ. ಖಾರ ನೆತ್ತಿಗೇರಿತು. ನೀರು ಬೇಕೆಂದು ಹೇಳಲು ಒಂದು ಗಳಿಗೆ ಯಾವ ಭಾಷೆಯ ಪದವೂ ನನಗೆ ನೆನಪಾಗಲಿಲ್ಲ.